ಅಕ್ಕನ ಕಾರಿನ ಹಿಂದಿನ ಬ್ರೇಕು

ಅಕ್ಕನ ಬಲಗಾಲಿನ ಹಿಮ್ಮಡಿ ಬೇಸಿಗೆಯ ಕೆರೆಯಂಗಳದ ಹಾಗೆ ಒಡೆದಿತ್ತು. ಹೆಬ್ಬೆರಳಿನ ಉಗುರು ಎಂದೋ ತೆಂಗಿನಮಟ್ಟೆ ಬಿದ್ದು ಕಪ್ಪಾದದ್ದು ಹಾಗೇ ಉಳಿದಿತ್ತು. ಆ ಕಾಲಿಗೆ ಚಪ್ಪಲಿ ಹಾಕಿಕೊಂಡು ಅವರು ಒಂದು ದಿನವೂ ಕಾರು ಓಡಿಸಲಿಲ್ಲ. ಚಪ್ಪಲಿ ಕಳಚಿ ಪಕ್ಕದ ಸೀಟಿನ ಕೆಳಗೆ ತಳ್ಳಿ, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಬರಿಗಾಲನ್ನು ಪೆಡಲಿನ ಮೇಲೆ ಇಡುತ್ತಿದ್ದರು. “ಗಾಡಿಗೆ ಗಂಡ್ಸು ಹೆಂಗ್ಸು ಅಂತ ಗೊತ್ತಾಗಕಿಲ್ಲ ಕಣೇ, ಕಾಲು ಗೊತ್ತಾಯ್ತದೆ” ಎನ್ನುತ್ತಿದ್ದರು.

ಮಕ್ಕಳೇ, ಅವರು ನಿಮ್ಮ ತಾತನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ನಿಮಗೆ ದೊಡ್ಡಜ್ಜಿ. ನಾನು ಅಕ್ಕ ಎಂದೇ ಕರೆದವಳು. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಉಪ್ಪು ಕೇಳುವುದಕ್ಕೂ ಅಕ್ಕನನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುತ್ತಿದ್ದೆ. ಅವರು ಭಾವ ತೀರಿಕೊಂಡ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಕುಣಿಗಲ್‌ಗೆ ಬಸ್ಸಿನಲ್ಲಿ ಹೋಗಿ ಬಂದು ಡ್ರೈವಿಂಗ್ ಕಲಿತರು. ಕಾರು ಅವರ ಮಗನದು. ಅವನು ಗುಬ್ಬಿಯಲ್ಲಿ ಕಾಲೇಜು ಮೇಷ್ಟ್ರು. ಅಲ್ಲಿಯ ಬಾಡಿಗೆ ಮನೆಯ ಮುಂದೆ ಗಾಡಿ ನಿಲ್ಲಿಸಲು ಜಾಗವಿರಲಿಲ್ಲವೆಂದು ಮಾರ್ಕೋನಹಳ್ಳಿ ಕಡೆಯ ನಮ್ಮ ಊರಿನಲ್ಲೇ ಬಿಟ್ಟಿದ್ದ.

ಆ ಕಾರಿನ ಡಿಕ್ಕಿ ಖಾಲಿ ಇದ್ದದ್ದನ್ನು ನಾನು ನೋಡಿಲ್ಲ. ಎರಡು ಚೀಲ ತೆಂಗಿನಕಾಯಿ ಸದಾ ಇರಬೇಕು. ಆಸ್ಪತ್ರೆಯ ನರ್ಸಮ್ಮನಿಗೆ, ಆಯಾಗೆ, ಗೇಟಿನ ಹತ್ತಿರ ಟೀ ಮಾರುವವಳಿಗೆ, ದಾರಿಯಲ್ಲಿ ಗುರುತಿನವರು ಯಾರೇ ಸಿಕ್ಕಿದರೂ ಅವರಿಗೆ. “ಬರಿಗೈಲಿ ಹೆಂಗೆ ಮಾತಾಡ್ಸೋದೇ?” ಎನ್ನುವರು.

ನಿಮ್ಮ ತಾತನಿಗೆ ಕಿಡ್ನಿ ಹೋದಾಗ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಕುಣಿಗಲ್‌ನಲ್ಲಿ ಮಿಷನ್ ಖಾಲಿ ಸಿಗಲಿಲ್ಲ. ತುಮಕೂರಿಗೇ ಹೋಗಬೇಕಾಯಿತು. ಅಕ್ಕ ಯಾರನ್ನೂ ಕೇಳಲಿಲ್ಲ. ಬೆಳಗಾಗುವ ಮೊದಲೇ ಬಂದು ನಮ್ಮ ಬಾಗಿಲಲ್ಲಿ ಹಾರನ್ ಹೊಡೆದರು.

ಹೀಗೆ ವರ್ಷದ ಮೇಲೆ ಓಡಾಡಿದೆವು. ಆಮೇಲಿನ ಒಂದು ದಿನವನ್ನು ನಾನು ಮರೆಯಲಾರೆ. ಹಿಂದಿನ ಸರದಿ ಮಿಷನ್ ಕೆಟ್ಟು ತಪ್ಪಿಹೋಗಿತ್ತು. ತಾತನ ಮುಖ ಊದಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಿಂದಿನ ಸೀಟಿನಲ್ಲಿ ದಿಂಬು ಅಪ್ಪಿಕೊಂಡು ಕೂತಿದ್ದರು. ಹೆಬ್ಬೂರು ಇನ್ನೂ ದೂರವಿರುವಾಗ ಅಕ್ಕ ಬ್ರೇಕು ಮುಟ್ಟಿದ ಕೂಡಲೇ ಹಿಂದಿನಿಂದ ಸದ್ದು ಬಂತು. ರಾಗಿ ಹಾಕದೆ ಬೀಸುವ ಕಲ್ಲನ್ನು ತಿರುಗಿಸಿದರೆ ಕಲ್ಲಿಗೆ ಕಲ್ಲು ತಾಗಿ ಬರುತ್ತದಲ್ಲ, ಅಂಥ ಸದ್ದು.

“ಅತ್ತಿಗೆ, ನಿಲ್ಸಿ” ಎಂದರು ತಾತ.

ಅಕ್ಕ ಇಳಿದು ಹಿಂದಿನ ಚಕ್ರದ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತರು. ಕಾದ ಕಬ್ಬಿಣದ ವಾಸನೆ ನನಗೂ ಬಡಿಯಿತು. ಆಂಬುಲೆನ್ಸಿಗೆ ಫೋನು ಮಾಡಿದರೆ, ತುಮಕೂರಿನಿಂದ ಬರಬೇಕು, ಕಾಯಿರಿ ಎಂದರು. ಬಸ್ಸು ಹತ್ತುವ ಸ್ಥಿತಿಯಲ್ಲಿ ತಾತ ಇರಲಿಲ್ಲ.

“ಉಸ್ರು ಹೆಂಗೈತಪ್ಪ?” ಎಂದು ಅಕ್ಕ ಕಿಟಕಿಯಲ್ಲಿ ಬಗ್ಗಿ ಕೇಳಿದರು.

“ಪರವಾಗಿ...” ಎಂದ ತಾತನಿಗೆ ಆ ಮಾತನ್ನು ಮುಗಿಸಲಾಗಲಿಲ್ಲ.

ಅಕ್ಕ ಒಳಗೆ ಬಂದು ಕೂತರು. ಖಾಲಿ ರಸ್ತೆಯಲ್ಲಿ ಹತ್ತು ಮಾರು ಬಿಟ್ಟು ಬ್ರೇಕು ಒತ್ತಿ ನೋಡಿದರು. “ಮುಂದಿಂದು ಹಿಡೀತದೆ. ಗೇರಲ್ಲೇ ತಡ್ಕೊಂಡು ಹೋಗ್ತೀನಿ. ನೀನು ಹಿಂದೆ ತಿರುಗಿ ಅವರನ್ನ ನೋಡ್ತಿರು, ರಸ್ತೆ ನೋಡ್ಬೇಡ” ಎಂದರು.

ನಾನು ತಾತನ ಮುಖವನ್ನೇ ನೋಡುತ್ತಾ ಕೂತೆ. ತುಟಿ ನೀಲಿಯಾಗುತ್ತಿತ್ತು. ಗೂಳೂರಿನ ಹತ್ತಿರ ಹಾಲಿನ ಟೆಂಪೋ ಒಂದು ಸಂದಿಯಿಂದ ಅಡ್ಡ ನುಗ್ಗಿತು. ಅಕ್ಕ ಬ್ರೇಕು ಒತ್ತಿದರು. ಆ ಸದ್ದಿಗೆ ದಾರಿಹೋಕರು ತಿರುಗಿ ನೋಡಿದರು. ಕಾರು ನಿಂತಾಗ ಟೆಂಪೋಗೂ ನಮಗೂ ಮಧ್ಯೆ ಒಂದು ಗೇಣಿತ್ತೋ ಇಲ್ಲವೋ. ಅಕ್ಕ ಆ ಡ್ರೈವರನ್ನು ಬೈಯಲೂ ಇಲ್ಲ. ಅವರು ಬೈಯದೆ ಬಿಟ್ಟಾಗ ನನಗೆ ನಿಜವಾಗಿ ಭಯವಾಯಿತು.

ಹೇಗೋ ಆಸ್ಪತ್ರೆ ಮುಟ್ಟಿದೆವು. ತಾತನನ್ನು ಮಿಷನ್ನಿಗೆ ಹಾಕಿದ ಮೇಲೆ ಅಕ್ಕ, ನಾನು ತುಮಕೂರಿನಲ್ಲೇ ಬಟವಾಡಿಯ ಗ್ಯಾರೇಜಿಗೆ ಹೋದೆವು. ಫೋನಿನಲ್ಲಿ ಸುದ್ದಿ ಕೇಳಿ ಮಗ ಗುಬ್ಬಿಯಿಂದ ಬೈಕಿನಲ್ಲಿ ಬಂದಿದ್ದ. ಚಕ್ರ ಬಿಚ್ಚಿದಾಗ, ಡಿಸ್ಕನ್ನು ಅದುಮಿ ಹಿಡಿಯುವ ಹಿಂದಿನ ಬ್ರೇಕ್ ಪ್ಯಾಡು ಪೂರ್ತಿ ಸವೆದು ಅದರ ಬೆನ್ನಿನ ತಗಡೇ ಡಿಸ್ಕನ್ನು ಗೀರಿತ್ತು. ಮುಂದಿನ ಪ್ಯಾಡು ಇನ್ನೂ ದಪ್ಪಗಿತ್ತು.

“ಎರಡು ವರ್ಷ ಆಗಿಲ್ಲ ಅವ್ವ ಗಾಡಿ ತಗೊಂಡು! ಯಾವ ಕಾರಲ್ಲಾದ್ರೂ ಮುಂದಿಂದು ಮೊದ್ಲು ಸವೆಯೋದು. ಹ್ಯಾಂಡ್‌ಬ್ರೇಕ್ ಹಾಕ್ಕೊಂಡೇ ಓಡಿಸಿದೀಯ ನೀನು.”

“ಅದು ಒತ್ತೋ ಗುಂಡಿ ಕಣ್ಲಾ, ಎಳೆಯೋ ಕೋಲಲ್ಲ. ನಾನು ಮರೆತ್ರೂ ಹೊರಟ ತಕ್ಷಣ ಅದೇ ಬುಟ್ಕೊಳ್ತದೆ.”

“ಸಾಕು ಬುಡು. ಇವತ್ತು ಮೂರು ಜನಾನೂ ಹೋಗಿಬಿಡ್ತಿದ್ರಿ.” ಅವನು ಕಾರಿನೊಳಗೆ ಬಗ್ಗಿದ. ಕೀ ತೆಗೆದು ಜೇಬಿಗೆ ಹಾಕಿಕೊಂಡ. “ಇನ್ಮೇಲೆ ಗಾಡಿ ಗುಬ್ಬೀಲಿರ್ಲಿ. ಚಿಕ್ಕಪ್ಪಂಗೆ ಬೇರೆ ಏನಾದ್ರೂ ನೋಡೋಣ.”

ಬೇರೆ ಏನೂ ಇರಲಿಲ್ಲ. ಅದು ನಮ್ಮ ಮೂವರಿಗೂ ಗೊತ್ತಿತ್ತು.

ಮೆಕ್ಯಾನಿಕ್ ಡಿಕ್ಕಿ ತೆಗೆದು ಚೀಲಗಳನ್ನು ನೋಡಿ ನಕ್ಕ. “ಸಾರ್, ಹ್ಯಾಂಡ್‌ಬ್ರೇಕ್ ಸರಿಯಾಗೇ ಬಿಡ್ತಿದೆ. ಹಿಂದೆ ಇಷ್ಟು ಲೋಡ್ ಇದ್ರೆ ಈಗಿನ ಗಾಡಿಗಳು ಹಿಂದಿನ ಬ್ರೇಕನ್ನ ಜಾಸ್ತಿ ಹಿಡಿಸ್ತವೆ. ಮೆತ್ತಗೆ ಒತ್ತಿದ್ರೂ ಅಷ್ಟೇ, ಗಾಡಿ ಮೂತಿ ಮುಂದಕ್ಕೆ ಕುಕ್ಕಬಾರ್ದು ಅಂತ. ಏನಮ್ಮ, ಬ್ರೇಕ್ ಮೇಲೆ ಕಾಲಿಟ್ಕೊಂಡೇ ಬರ್ತೀರಾ?”

ಅಕ್ಕ ಚೀಲದ ಬಾಯಿ ಬಿಗಿಯತೊಡಗಿದರು.

“ನೋಡ್ದಾ? ಓಡ್ಸೋಕೆ ಬರಲ್ಲ ಅಂತ ಒಪ್ಕೋ” ಎಂದ ಮಗ.

ಆಗಲೂ ಅವರು ಬಾಯಿ ಬಿಡಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಡಯಾಲಿಸಿಸ್ ಮುಗಿಸಿ ಮರಳುವಾಗ ತಾತನಿಗೆ ತಲೆ ಸುತ್ತುತ್ತಿತ್ತು. ಕಾರು ಸ್ವಲ್ಪ ಕುಲುಕಿದರೂ ವಾಂತಿ. ಒಮ್ಮೆ ಸೀಟೆಲ್ಲಾ ಕೆಡಿಸಿಕೊಂಡು, ಆ ಗಟ್ಟಿ ಮನುಷ್ಯ ಮಗುವಿನ ಹಾಗೆ ಅತ್ತು, “ಯಾರಿಗೂ ಹೇಳ್ಬೇಡಿ ಅತ್ತಿಗೆ” ಎಂದಿದ್ದರು. ಅಕ್ಕ ತಾವೇ ಸೀಟು ತೊಳೆದು, ಹಾಲು ಚೆಲ್ಲಿತೆಂದು ಮಗನಿಗೆ ಹೇಳಿದ್ದರು. ಅಂದಿನಿಂದ ಪ್ರತಿ ರಸ್ತೆಯುಬ್ಬಿಗೂ ದೂರದಿಂದಲೇ ಕಾಲನ್ನು ಹಗುರವಾಗಿ ಇಟ್ಟು ತರುತ್ತಿದ್ದರು. ಉಬ್ಬು ದಾಟಿದ್ದು ಹಿಂದೆ ಮಲಗಿದವರಿಗೆ ತಿಳಿಯುತ್ತಲೇ ಇರಲಿಲ್ಲ. ಈಗ ಕೀ ಹೋದರೂ ಕೊಟ್ಟ ಮಾತು ಬಿಡಲು ಅವರು ತಯಾರಿರಲಿಲ್ಲ.

ಆದರೆ ಗಂಡ ನನ್ನವರು. ನಾನು ಮಾತಾಡಿದೆ. ಗ್ಯಾರೇಜಿನ ಗಂಡಸರೆಲ್ಲಾ ಕೈಕೆಲಸ ನಿಲ್ಲಿಸಿ ನೋಡುತ್ತಿದ್ದರು. “ನಿಮ್ಮವ್ವಂಗೆ ಓಡ್ಸೋಕೆ ಬರ್ತದೆ ಕಣಪ್ಪ. ನಿಮ್ಮ ಚಿಕ್ಕಪ್ಪಂಗೆ ವಾಂತಿ ಆಗ್ಬಾರ್ದು ಅಂತ ಹಂಗೆ ಓಡಿಸ್ತಾರೆ” ಎಂದು ಶುರುಮಾಡಿ, ಹಾಲಿನ ಸುಳ್ಳಿನವರೆಗೂ ಎಲ್ಲ ಹೇಳಿಬಿಟ್ಟೆ.

ಅವನು ಆ ಸವೆದ ತಗಡನ್ನು ಮೆಕ್ಯಾನಿಕ್ಕಿನ ಕೈಗೆ ಕೊಟ್ಟ. ಹೊಸ ಪ್ಯಾಡು, ಡಿಸ್ಕು ಹಾಕಿಸಿದ. ತಿಂಗಳಿಗೊಮ್ಮೆ ಬ್ರೇಕು ತೋರಿಸಬೇಕು, ಡಿಕ್ಕಿ ಖಾಲಿ ಇರಬೇಕು ಎಂದ. ಕೀಯನ್ನು ತಾಯಿಗೆ ಕೊಡದೆ ನನ್ನ ಅಂಗೈಗೆ ಹಾಕಿ, “ಚಿಕ್ಕವ್ವ, ನೀವೇ ನೋಡ್ಕೊಳಿ” ಎಂದ.

ಅವನ ಬೈಕು ಮರೆಯಾದ ಕೂಡಲೇ ಅಕ್ಕ ನನ್ನ ಮೇಲೆ ತಿರುಗಿಬಿದ್ದರು. “ಇಷ್ಟು ವರ್ಷ ಮೂಗಿ ಥರ ಇದ್ದೆ. ಬಾಯಿ ಬುಡೋಕೆ ಇವತ್ತೇ ಬೇಕಿತ್ತೇನೇ, ಬಾಯಿಬಡುಕಿ!” ಮುಂದಿನ ವಾರ ಡಿಕ್ಕಿಯೇನೋ ಖಾಲಿ ಇತ್ತು. ಕಾಯಿಗಳೆಲ್ಲಾ ನನ್ನ ಕಾಲಬುಡದಲ್ಲಿದ್ದವು.

ಆಮೇಲೆ ತಾತ ಎರಡು ವರ್ಷ ಬದುಕಿದರು. ಒಂದು ಸರದಿಯೂ ಅಕ್ಕನಿಂದ ತಪ್ಪಲಿಲ್ಲ. ಹೋದ ವರ್ಷ ಅಕ್ಕನೂ, ಉಂಡು ಜಗಲಿಯಲ್ಲಿ ಒರಗಿದವರು, ಏಳಲಿಲ್ಲ.

ನಿಮ್ಮಲ್ಲಿ ಕಿರಿಯವಳು ಹುಟ್ಟಿದ್ದು ತಾತ ಬದುಕಿದ್ದ ಆ ಎರಡು ವರ್ಷದಲ್ಲಿ. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಗೆ ಭಾರ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ತಾತ ಅವಳನ್ನು ಬಲಗೈಯಲ್ಲೇ ಎತ್ತಿಕೊಳ್ಳುತ್ತಿದ್ದರು. ಅವಳು ಮೀಸೆ ಹಿಡಿದರೆ ಬಿಡುತ್ತಿರಲಿಲ್ಲ, ಇವರಿಗೂ ಬಿಡಿಸಿಕೊಳ್ಳುವ ಮನಸ್ಸಿರಲಿಲ್ಲ. ಹೊರಗೆ ಕಾರಿನಲ್ಲಿ ಕೂತ ಅಕ್ಕ ಹಾರನ್ನಿನ ಮೇಲೆ ಕೈಯಿಟ್ಟು ಕೂಗುತ್ತಿದ್ದರು: “ಬಂದ್ಮೇಲೆ ಎತ್ಕೊಳೀವಂತೆ, ಹತ್ತಪ್ಪ! ಮಿಷನ್ ನಮಗೋಸ್ಕರ ಕಾಯಕಿಲ್ಲ.”