ಸಂಜೀವಪ್ಪನ ಹೆಸರಿನದು ಬೇಡ

ತ್ಯಾಮಗೊಂಡ್ಲಿನ ರೂಪ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದಿನದನ್ನೆಲ್ಲ ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ದಾಬಸ್‌ಪೇಟೆಯ ಒಂದು ದೊಡ್ಡ ಗೋದಾಮಿನಲ್ಲಿ ಅವಳಿಗೆ ಕಂಪ್ಯೂಟರ್ ಕೆಲಸ. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಮನೆಯಲ್ಲಿ ಹೂ ಕಟ್ಟುತ್ತ ಕೂತಿದ್ದವಳ ಅರ್ಜಿಯನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಹೋಗಿ ಮ್ಯಾನೇಜರ್ ಮೇಜಿನ ಮೇಲಿಟ್ಟವನು ಅದೇ ಗೋದಾಮಿನ ಗೇಟು ನೋಡಿಕೊಳ್ಳುತ್ತಿದ್ದ ಸಂಜೀವಪ್ಪ. ಒಂದೇ ಬೀದಿಯವರು. ರೂಪಳ ಅಪ್ಪ ತೀರಿಕೊಂಡ ಮೇಲೆ ಆ ಮನೆಯ ಒಳ್ಳೇದು ಕೆಟ್ಟದ್ದಕ್ಕೆಲ್ಲ ನಿಂತವನೂ ಅವನೇ. ಅವಳಿಗೆ ಅವನು ಮಾಮ.

ಗೋದಾಮಿನ ಕಂಪ್ಯೂಟರುಗಳಲ್ಲಿ ಯಾರಾದರೂ ತಪ್ಪು ಪಾಸ್‌ವರ್ಡ್ ಹೊಡೆದರೆ, ಹೊರಗಿನವರು ಒಳಗೆ ನುಸುಳಲು ನೋಡಿದರೆ, ಒಂದು ಎಚ್ಚರಿಕೆ ಹುಟ್ಟುತ್ತದೆ. ಅವೆಲ್ಲ ಸೆಕ್ಯುರಿಟಿ ಕಂಪನಿಯೊಂದರ ಬಳಿ ಹೋಗಿ ಬೀಳುತ್ತವೆ. ಅಲ್ಲಿಂದ ಅವನ್ನು ತರಿಸಿಕೊಳ್ಳುವ ದಾರಿಗೆ ಎಪಿಐ ಅನ್ನುತ್ತಾರೆ. ಹಂಗಂದ್ರೆ ಏನೇ ಅಂತ ಅಮ್ಮ ಕೇಳಿದಾಗ ರೂಪ ರೇಷನ್ ಅಂಗಡಿಯ ಕಿಟಕಿಯ ಮಾತು ಹೇಳಿದ್ದಳು. ಒಳಗೆ ಹೋಗುವ ಹಾಗಿಲ್ಲ. ಕಿಟಕಿಯಲ್ಲಿ ಚೀಟಿ ಕೊಡಬೇಕು, ಚೀಟಿಯಲ್ಲಿ ಬರೆದಷ್ಟೇ ಕೈಗೆ ಬರುತ್ತದೆ. ದಿನಕ್ಕೆ ಹುಟ್ಟುವ ಸಾವಿರಾರು ಎಚ್ಚರಿಕೆಗಳಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ಆ ಚೀಟಿ ಬರೆಯುವುದೇ ಅವಳ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಮ್ಯಾನೇಜರ್ ನರೇಶ್ ಮುಂದೆ ಹತ್ತು ಹದಿನೈದು ಸಾಲಿನ ಪಟ್ಟಿ ಇರಬೇಕು.

ಆ ಪಟ್ಟಿಯಲ್ಲಿ ದಿನವೂ ಸಂಜೀವಪ್ಪನ ಹೆಸರು. ಲಾರಿಗಳಿಗೆ ಗೇಟ್‌ಪಾಸ್ ಕೊಡಬೇಕಾದರೆ ಅವನೂ ಕಂಪ್ಯೂಟರ್ ಮುಟ್ಟಲೇಬೇಕು. ದೊಡ್ಡಬಳ್ಳಾಪುರದಲ್ಲಿ ಇಪ್ಪತ್ತು ವರ್ಷ ಮಗ್ಗ ನಡೆಸಿ ಬಂದ ಕೈ. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಕುಟ್ಟುತ್ತಿದ್ದ. ಅದರ ಮೇಲೆ ತಿಂಗಳಿಗೊಂದು ಸಲ ಪಾಸ್‌ವರ್ಡ್ ಬದಲಾಯಿಸಬೇಕೆಂಬ ಕಾಯಿದೆ. ಅವನೋ ತಿಂಗಳಿಗೊಂದು ದೇವರನ್ನು ಇಡುತ್ತಿದ್ದ. ಹೋದ ತಿಂಗಳು ಮುನೇಶ್ವರ, ಈ ತಿಂಗಳು ಮಾರಮ್ಮ. ಬೆಳಿಗ್ಗೆ ಬಂದು ಹಳೇ ದೇವರನ್ನೆಲ್ಲ ಒಂದು ಸುತ್ತು ಕರೆದ ಮೇಲೇ ಹೊಸ ದೇವರು ಬಾಗಿಲು ತೆಗೆಯುವುದು. ಅಷ್ಟರಲ್ಲಿ ಐದಾರು ಎಚ್ಚರಿಕೆ ಹುಟ್ಟಿರುತ್ತಿದ್ದವು.

"ಏನ್ರೀ ರೂಪ, ಇವತ್ತೂ ನಿಮ್ಮ ಮಾಮನೇ ಕಳ್ಳನಾ?" ಎಂದು ನರೇಶ್ ಎಲ್ಲರ ಮುಂದೆ ನಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ರೂಪಳಿಗೆ ಮೈ ಉರಿಯುತ್ತಿತ್ತು. ಒಂದು ದಿನ ಚೀಟಿಗೆ ಇನ್ನೊಂದು ಸಾಲು ಸೇರಿಸಿದಳು: ಸಂಜೀವಪ್ಪನ ಹೆಸರಿನದು ಬೇಡ. ಅರ್ಧ ಮಾಮನ ಮರ್ಯಾದೆ ಉಳಿಸಲು, ಇನ್ನರ್ಧ ದಿನಾ ಅದನ್ನೇ ನೋಡುವ ಬೇಸರಕ್ಕೆ. ಯಾರಿಗೂ ಹೇಳಲಿಲ್ಲ. ಮಾರನೇ ದಿನದಿಂದ ಪಟ್ಟಿ ಚೊಕ್ಕಟವಾಯಿತು.

ಆಮೇಲೆ ಒಂದು ಭಾನುವಾರ ಮಧ್ಯಾಹ್ನ, ಸಂಜೀವಪ್ಪ ಮನೆಯಲ್ಲಿ ಮುದ್ದೆ ಉಂಡು ಮಲಗಿದ್ದ ಹೊತ್ತಿನಲ್ಲಿ, ಅವನ ಹೆಸರಿನಲ್ಲಿ ಎರಡು ಗೇಟ್‌ಪಾಸ್ ಆದವು. ಪಾಸ್ ಸರಿಯಾಗಿದೆ ಎಂದು ಭಾನುವಾರದ ಕಾವಲಿನವನು ಗೇಟು ತೆಗೆದ. ಎರಡು ಲಾರಿ ತುಂಬ ಮಿಕ್ಸಿಗಳು ಹೈವೇ ಹತ್ತಿ ಹೋದವು.

ಸೋಮವಾರ ನರೇಶ್ ರೂಪಳನ್ನು ಕರೆಸಿದ. "ಹೊರಗಿನವರು ಟ್ರೈ ಮಾಡಿದ್ರೆ ನಿಮ್ಗೆ ಅಲರ್ಟ್ ಬರ್ಬೇಕಿತ್ತಲ್ವಾ? ಬಂದಿತ್ತಾ?"

ಆ ಸಾಲು ಆಗ ಅವಳಿಗೆ ನೆನಪಾಯಿತು. ಎಚ್ಚರಿಕೆ ಹುಟ್ಟಿದ್ದರೂ ಆ ಸಾಲು ಅದನ್ನು ತಡೆದಿರುತ್ತದೆ.

"ಪಟ್ಟೀಲಿ ಏನೂ ಬಂದಿರ್ಲಿಲ್ಲ ಸರ್" ಅಂದಳು.

ಮಾತು ಸುಳ್ಳಲ್ಲ. ಸುಳ್ಳೇ ಆಗಿದ್ದರೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲವೇನೋ. ಹೊರಗಿನವರು ಬಂದಿಲ್ಲ ಅಂದ ಮೇಲೆ ಸಂಜೀವಪ್ಪನೇ ಯಾರಿಗೋ ಪಾಸ್‌ವರ್ಡ್ ಹೇಳಿಕೊಟ್ಟಿದ್ದಾನೆ ಎಂದು ತೀರ್ಮಾನವಾಯಿತು. ಹನ್ನೊಂದು ವರ್ಷ ಕಾದ ಗೇಟಿನಿಂದ ಅವನನ್ನು ಅವತ್ತೇ ಆಚೆ ಕಳಿಸಿದರು. ಯೂನಿಫಾರಂ ಮಡಚಿ ಕುರ್ಚಿಯ ಮೇಲಿಟ್ಟು, ಬನಿಯನ್ ಮೇಲೆ ಟವೆಲ್ ಹೊದ್ದು ಹೋದ. ರೂಪ ಮೇಲಿನ ಕಿಟಕಿಯಿಂದ ನೋಡುತ್ತ ನಿಂತಿದ್ದಳು.

ಐದು ತಿಂಗಳು ಅವಳು ಬಸ್‌ಸ್ಟಾಪಿಗೆ ಸುತ್ತುಬಳಸಿ ಹಿಂದಿನ ಬೀದಿಯಲ್ಲಿ ಹೋದಳು. ನಾಳೆ ಹೇಳುತ್ತೇನೆ ಅಂದುಕೊಳ್ಳುವಳು. ಹೇಳಿದರೆ ಕೆಲಸ ಹೋಗುತ್ತದೆ, ಮನೆ ನಡೆಯುವುದು ಹೇಗೆ ಅಂದುಕೊಳ್ಳುವಳು. ಮಾಮನ ಮನೆ ಹೇಗೆ ನಡೆಯುತ್ತಿದೆ ಎಂಬ ಯೋಚನೆ ಬಂದರೆ ಮಾತ್ರ ಬೇಗ ಬೇಗ ಬೇರೆ ಏನಾದರೂ ಯೋಚಿಸುವಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಣ್ಣುತ್ತಿದ್ದವನು ಇನ್ನೊಬ್ಬ.

ಒಂದು ಶನಿವಾರ ಸಂಜೀವಪ್ಪನ ಹೆಂಡತಿ ಮುತ್ತಮ್ಮ ಫೋನ್ ಮಾಡಿದಳು. "ಡಾಕ್ಟ್ರ ಚೀಟಿ ಎಲ್ಲಾ ಇಂಗ್ಲಿಷಲ್ಲಿದೆ, ಸ್ವಲ್ಪ ಓದಿ ಹೇಳು ಬಾರವ್ವ." ಇಲ್ಲವೆನ್ನಲು ಬಾಯಿ ಬರಲಿಲ್ಲ. ಹೋದಳು. ಆ ಮನೆಯಿಂದ ಕಾಫಿ ಕೊಡದೆ ಮುತ್ತಮ್ಮ ಯಾರನ್ನೂ ಕಳಿಸಿದವಳಲ್ಲ. ಅವತ್ತೂ ಲೋಟ ಕೈಗಿಟ್ಟಳು. ಚೀಟಿಯಲ್ಲಿದ್ದದ್ದು ಮರೆವಿಗೆ ಕೊಟ್ಟ ಮಾತ್ರೆ.

"ನಂಗೆ ಮರೆವು ಸುರುವಾಗಿದೆ ಕಣವ್ವ" ಅಂದ ಸಂಜೀವಪ್ಪ. "ಪಾಸ್‌ವರ್ಡ್ ಯಾರ್ಗೆ ಹೇಳ್ದೆ ಅಂತ ಐದು ತಿಂಗ್ಳಿಂದ ಯೋಚ್ನೆ ಮಾಡ್ತಾ ಇದೀನಿ, ಜ್ಞಾಪಕಾನೇ ಬರ್ತಿಲ್ಲ. ಹೇಳಿರ್ಲೇಬೇಕು. ನಿಮ್ ಕಂಪ್ಯೂಟರ್ ಸುಳ್ಳು ಹೇಳ್ತದಾ?"

"ಬೀಗದ ಕೈನೂ ಇವ್ರ ಕೈಗೆ ಕೊಡ್ತಿಲ್ಲ ಈಗ" ಎಂದು ಮುತ್ತಮ್ಮ ಸೆರಗಿನ ತುದಿಯ ಗಂಟು ತೋರಿಸಿದಳು. "ಎಲ್ಲಿ ಬಿಟ್ಟುಬಂದಾರೋ ಅಂತ ಭಯ." ಸಂಜೀವಪ್ಪ ತಪ್ಪು ಮಾಡಿದ ಮಗುವಿನ ಹಾಗೆ ತಲೆ ತಗ್ಗಿಸಿದ.

ರೂಪ ಕಾಫಿಯ ಲೋಟವನ್ನು ಕೆಳಗಿಟ್ಟಳು. ಕೆಲಸ ಕಳೆದದ್ದು ಒಂದು ಪಾಪ. ಆ ಮನುಷ್ಯನಿಗೆ ತನ್ನ ತಲೆಯ ಮೇಲೇ ನಂಬಿಕೆ ಇಲ್ಲದ ಹಾಗೆ ಮಾಡಿದ್ದು ಅದಕ್ಕಿಂತ ದೊಡ್ಡದು.

ಸೋಮವಾರ ಆಫೀಸಿಗೆ ಹೋದವಳೇ ಆ ಸಾಲು ಅಳಿಸಿದಳು. ಮಿಕ್ಸಿಗಳು ಹೋದ ಆ ಭಾನುವಾರದ ತಾರೀಖು ಹಾಕಿ ಎಪಿಐ ಕಿಟಕಿಗೆ ಚೀಟಿ ಕಳಿಸಿದಳು. ಆರುನೂರ ಹನ್ನೆರಡು ಎಚ್ಚರಿಕೆಗಳು ದಬದಬ ಬಂದು ಬಿದ್ದವು. ಮಧ್ಯಾಹ್ನ ಎರಡರಿಂದ ಎರಡೂ ಮುಕ್ಕಾಲರವರೆಗೆ, ಎಲ್ಲೋ ಹೊರಗಿನಿಂದ, ಸಂಜೀವಪ್ಪನ ಹೆಸರಿನಲ್ಲಿ ಒಂದಾದ ಮೇಲೊಂದು ತಪ್ಪು ಪಾಸ್‌ವರ್ಡ್, ಕೊನೆಯದು ಸರಿ. ಎಲ್ಲ ಅಲ್ಲೇ ಇತ್ತು. ಕಿಟಕಿಯವರು ಯಾವತ್ತೂ ಇಲ್ಲ ಅಂದಿರಲಿಲ್ಲ, ಇವಳು ಕೇಳಿರಲಿಲ್ಲ ಅಷ್ಟೆ.

ಹೆಡ್ ಆಫೀಸಿಗೆ ಮೇಲ್ ಬರೆದಳು. ಸಂಜೀವಪ್ಪನದು ತಪ್ಪಿಲ್ಲ, ಆ ಸಾಲು ಹಾಕಿದವಳು ನಾನು, ಗೊತ್ತಿದ್ದೂ ಐದು ತಿಂಗಳು ಸುಮ್ಮನಿದ್ದವಳೂ ನಾನು. ನರೇಶ್ ಓಡಿ ಬಂದ. "ಮುಗಿದುಹೋಗಿದ್ದನ್ನ ಯಾಕ್ರೀ ಕೆದಕಿದ್ರಿ? ನಿಮ್ಮ ಕೆಲಸದ ಗತಿ?"

"ಗೊತ್ತಿಲ್ಲ ಸರ್" ಅಂದು ಅರ್ಧ ದಿನ ರಜೆ ಹಾಕಿ ಊರಿನ ಬಸ್ಸು ಹತ್ತಿದಳು.

ಸಂಜೀವಪ್ಪ ಜಗಲಿಯ ಮೇಲಿದ್ದ. ಪ್ರಿಂಟು ಹಾಕಿದ ಹಾಳೆಗಳನ್ನು ಅವನ ಮುಂದಿಟ್ಟು ಎಲ್ಲ ಹೇಳಿದಳು. ಅವನು ಆ ದಪ್ಪ ಬೆರಳನ್ನು ಒಂದೊಂದೇ ಸಾಲಿನ ಮೇಲೆ ಆಡಿಸಿದ.

"ಹಂಗಾದ್ರೆ ನಾನು ಯಾರ್ಗೂ ಹೇಳಿಲ್ಲ?"

"ಇಲ್ಲ ಮಾಮ."

"ಮರ್ತೂ ಇಲ್ಲ?"

"ಇಲ್ಲ."

ಅವನು ಹಾಳೆಗಳನ್ನು ಜೋಡಿಸಿ ಪಕ್ಕಕ್ಕಿಟ್ಟ. "ಇದು ನಿಂಗೆ ಯಾವತ್ತು ಗೊತ್ತಾಯ್ತು?"

"ಲಾರಿ ಹೋದ ಮಾರನೇ ದಿನಾನೇ" ಅಂದಳು ರೂಪ. "ಹೇಳೋಕೆ ಧೈರ್ಯ ಬರ್ಲಿಲ್ಲ."

ಸಂಜೀವಪ್ಪ ಅವಳತ್ತ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ಕೈ ಚಾಚಿದ. "ಬೀಗದ ಕೈ ಕೊಡು." ಮುತ್ತಮ್ಮ ಸೆರಗಿನ ಗಂಟು ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ಒಳಗೆ ಹೋದ. ಮುತ್ತಮ್ಮನೂ ಅವನ ಹಿಂದೆ ಹೋದಳು.

ಒಳಗಿನಿಂದ ಕಾಫಿಯ ವಾಸನೆ ಬರುತ್ತಿತ್ತು. ರೂಪ ಸ್ವಲ್ಪ ಹೊತ್ತು ಜಗಲಿಯ ಹತ್ತಿರವೇ ನಿಂತಿದ್ದಳು. ಕುಡಿದು ಹೋಗು ಅಂತ ಯಾರೂ ಹೇಳಲಿಲ್ಲ.