ಬೀಗದಕ್ಕ ತೆಗೆದ ಬಾಗಿಲು

ಬೀದಿದೀಪ ಇನ್ನೂ ಆರಿಲ್ಲ. ಬೀಗದಕ್ಕ ಮೊಣಕಾಲು ಕೊಟ್ಟು ಪಕ್ಷದ ಕಚೇರಿಯ ಷಟರ್ ಎತ್ತುತ್ತಾರೆ, ಕಸ ಗುಡಿಸುತ್ತಾರೆ, ಗೋಡೆಗುಂಟ ಸುತ್ತಲೂ ಕುರ್ಚಿ ಹಾಕುತ್ತಾರೆ. ಸಾಲಾಗಿ ಹಾಕುವುದು ಅವರಿಗೆ ಆಗಿಬರುವುದಿಲ್ಲ. "ಸಾಲಲ್ಲಿ ಕೂತ್ರೆ ಮುಂದಿನವರ ಬೆನ್ನಿಗೆ ಕಷ್ಟ ಹೇಳ್ಕೋಬೇಕಾಗತ್ತೆ," ಎನ್ನುತ್ತಾರೆ.

ಎಳೆವಯಸ್ಸಿನಲ್ಲಿ ಗುಡಿಸಲು ಬಂದವರು. ನಾಯಕರು ಎಷ್ಟೋ ಜನ ಬದಲಾದರು, ಬೀಗದ ಕೈ ಮಾತ್ರ ಇವರ ಬಳಿಯೇ ಉಳಿಯಿತು, ಹೆಸರೂ ಅದೇ ಆಯಿತು. ನಲ್ಲಿ ನಿಂತವರು, ಪಿಂಚಣಿ ನಿಂತವರು ಮೊದಲು ಬರುವುದು ಇಲ್ಲಿಗೇ. ಗಂಡ ಬಸ್ ಮೆಕ್ಯಾನಿಕ್, ಎದುರು ಪಕ್ಷದ ಕಟ್ಟಾಳು. "ಅಡುಗೆಮನೇಲಿ ಮಾತ್ರ ಸಮ್ಮಿಶ್ರ ಸರ್ಕಾರ," ಎಂದು ಬೀಗದಕ್ಕ ನಗುತ್ತಾರೆ.

ಈಗ ಪಕ್ಷ ಫೋನಿನೊಳಗೆ ಹೊಕ್ಕಿದೆ. ಅಭ್ಯರ್ಥಿಯನ್ನು ಆರಿಸಲೂ ಸದಸ್ಯರು ಫೋನಿನಲ್ಲೇ ಮತ ಹಾಕುತ್ತಾರೆ. ಹಿಂದೆ ನಾಲ್ಕು ಜನ ಒಳಕೋಣೆಯಲ್ಲಿ ಚಿಲಕ ಹಾಕಿಕೊಂಡು ಮುಗಿಸುತ್ತಿದ್ದ ಕೆಲಸ ಅದು. "ಒಳ್ಳೇದೇ ಅಲ್ವಾ? ನಾನೂ ಒತ್ತಿದೆ. ಆದ್ರೆ ನಮ್ಮ ಬೀದಿ ಚರಂಡಿ ಕಟ್ಕೊಂಡಿದೆ ಅನ್ನೋದಕ್ಕೆ ಯಾವ ಬಟನ್ ಒತ್ಲಿ?" ಎಂದು, ಪತ್ರಿಕೆಗೆ ಬರೆಯಲು ಬಂದ ನನ್ನನ್ನೇ ಬೀಗದಕ್ಕ ಕೇಳುತ್ತಾರೆ. ಕಚೇರಿ ಮುಚ್ಚಿ ವಿಡಿಯೊ ಸ್ಟುಡಿಯೊ ಮಾಡುವ ಮಾತು ನಡೆದಿತ್ತು. ಮುಚ್ಚಿದರೆ ಬಂದವರು ಎಲ್ಲಿಗೆ ಹೋಗಬೇಕು ಎಂಬುದೇ ಇವರ ಸಂಕಟ.

ಹೋದ ತಿಂಗಳು ಶಾಸಕರು ಇಲ್ಲೇ ಕ್ಯಾಮೆರಾ ಮುಂದೆ ಕೂತು, ಜನರ ದನಿಗೆ ಕಿವಿಯಾಗುತ್ತೇವೆಂದು ನೇರಪ್ರಸಾರದಲ್ಲಿ ಹೇಳುತ್ತಿದ್ದರು. ಸದ್ದಾಗದಿರಲೆಂದು ಇಳಿಸಿದ್ದ ಷಟರನ್ನು ಹೊರಗೆ ಯಾರೋ ತಟ್ಟಿದರು. ಬೀಗದಕ್ಕ ಅಭ್ಯಾಸಬಲದಿಂದ ಎತ್ತಿಯೇಬಿಟ್ಟರು! ಪಿಂಚಣಿ ನಿಂತ ಅಜ್ಜಿಯೊಬ್ಬರು ಸೀದಾ ಬಂದು, ಶಾಸಕರ ಪಕ್ಕದ ಕುರ್ಚಿಯಲ್ಲಿ ಕೂತು ತಮ್ಮ ಗೋಳು ಶುರುಹಚ್ಚಿಕೊಂಡರು. ಶಾಸಕರು ಪೆಚ್ಚಾದರು. ಕೆಲಸ ಹೋಯಿತೆಂದು ಬೀಗದಕ್ಕನ ಜೀವ ಬಾಯಿಗೆ ಬಂತು.

ಆದರೆ ಆ ವಿಡಿಯೊವನ್ನು ಊರಿಗೆ ಊರೇ ನೋಡಿತು. ಅಜ್ಜಿಯ ಪಿಂಚಣಿಯೂ ಬಂತು. ಈಗ ಪಕ್ಷದವರು ಹೇಳುತ್ತಿದ್ದಾರಂತೆ, ಕಚೇರಿ ಇರಲಿ, ವಾರಕ್ಕೊಮ್ಮೆ ಕ್ಯಾಮೆರಾ ಹಚ್ಚಿದಾಗ ಬಾಗಿಲು ತೆಗೆಯಿರಿ, ಅವತ್ತಿನ ಹಾಗೇ, ಏನೂ ಗೊತ್ತಿಲ್ಲದವರ ಥರ. ಉಳಿದ ದಿನ ಷಟರ್ ಹಾಕಿರಲಿ.

ಇದು ಗೆಲುವೋ ಸೋಲೋ? ಯೋಚಿಸಿ ಯೋಚಿಸಿ ನನ್ನ ತಲೆ ಹನ್ನೆರಡಾಣೆಯಾಗಿದೆ. ಪಕ್ಷ ಜನರ ಹತ್ತಿರ ಬಂದಿದೆಯೋ, ದೂರ ಹೋಗಿದೆಯೋ ತಿಳಿಯದು. ಬೀಗದಕ್ಕನಿಗೂ ಬಗೆಹರಿದಿಲ್ಲ. "ಪಿಂಚಣಿ ಬಂದಿದ್ದು ನಾಟಕ ಅಲ್ಲ. ಆದ್ರೂ ನಾನು ನಾಟಕ ಮಾಡ್ಬೇಕು ಅಂತಾರಲ್ಲ," ಎಂದು ಗಲ್ಲಕ್ಕೆ ಕೈಕೊಟ್ಟು ಕೂರುತ್ತಾರೆ.

ಹೊರಟವನನ್ನು ಮತ್ತೆ ಕರೆಯುತ್ತಾರೆ. "ಪೇಪರಲ್ಲಿ ಒಂದ್ಮಾತು ಹಾಕ್ತೀರಾ? ಕ್ಯಾಮೆರಾ ಇಲ್ದಿರೋ ದಿನಾನೂ ಬಂದು ತಟ್ಟಿ ಅಂತ. ನಾನು ಒಳಗೇ ಇರ್ತೀನಿ."