ಬಣ್ಣದ ನೀರಿನ ಅಮರಪ್ಪ

ಅಮರಪ್ಪನವರ ಔಷಧ ಬೇಯುತ್ತಿದ್ದದ್ದು ಒಲೆಯ ಮೇಲಲ್ಲ, ಮಾಳಿಗೆಯ ಮೇಲೆ. ಕೆಂಪು, ಹಸಿರು, ನೀಲಿ ಶೀಸೆಗಳಿಗೆ ಬಾವಿಯ ನೀರು ತುಂಬಿ ದಿನವಿಡೀ ಬಿಸಿಲಿಗಿಡುತ್ತಿದ್ದರು. ಸಂಜೆಗೆ ಅದೇ ಔಷಧ: ನೆಗಡಿಗೆ ಕೆಂಪು, ಉರಿಗೆ ನೀಲಿ, ಹೊಟ್ಟೆಗೆ ಹಸಿರು. ಮಸ್ಕಿಯ ಶಾಲೆಗೆ ಹೊಸ ಮಾಸ್ತರನಾಗಿ ಬಂದಿದ್ದ ನಾನು ಎದುರುಮನೆಯಲ್ಲಿದ್ದುಕೊಂಡು ಅವರ ಶೀಸೆಗಳನ್ನೂ ರೋಗಿಗಳನ್ನೂ ಎಣಿಸಿ ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಐವತ್ತೆರಡರ ಶ್ರಾವಣದ ಹಾಳೆಗಳಲ್ಲಿ ಹನ್ನೊಂದು ಕಡೆ ‘ಮೋಡ, ಔಷಧವಿಲ್ಲ’ ಎಂದಿದೆ.

ಅಂಥ ದಿನ ಬಂದವರನ್ನು, “ಇವತ್ತು ಬೆಂದಿಲ್ಲವ್ವಾ, ಹಸೀದು ಕುಡಿದ್ರ ಬರೇ ನೀರು” ಎಂದು ತಿರುಗಿ ಕಳಿಸುತ್ತಿದ್ದರು.

“ಬೆಂದ ಮ್ಯಾಲೂ ನೀರೇ ಅಲ್ಲೇನ್ರೀ?” ಎಂದು ಕೆಣಕಿದೆ.

“ಅಕ್ಕಿ ಬೆಂದ ಮ್ಯಾಲ ನೀವು ಅಕ್ಕಿ ಅಂತೀರೋ, ಅನ್ನ ಅಂತೀರೋ, ಮಾಸ್ತರ?”

ಆದರೆ ಜ್ವರದಲ್ಲಿ ಕೂಸು ಕಣ್ಣು ಮೇಲೆ ಮಾಡಿದರೆ ಶೀಸೆ ಮುಟ್ಟುತ್ತಿರಲಿಲ್ಲ. ತಾವೇ ಬಸ್ಸು ಹತ್ತಿಸಿ ಲಿಂಗಸುಗೂರಿನ ದವಾಖಾನೆಗೆ ಕಳಿಸುತ್ತಿದ್ದರು.

ಬಾಗಿಲ ಮೇಲೆ ‘ಡಾಕ್ಟರ್ ಅಮರಪ್ಪ’ ಎಂಬ ಹಲಗೆಯಿತ್ತು. ದಫ್ತರಿನಲ್ಲಿ ಹೆಸರಿಲ್ಲದವರು ಡಾಕ್ಟರ್ ಎಂದು ಹಾಕಿಕೊಳ್ಳಬಾರದೆಂದು ಲಿಂಗಸುಗೂರಿನ ಕಚೇರಿಯಿಂದ ಕಾಗದ ಬಂತು. ಹೆಸರು ಸೇರಿಸಿರೆಂದು ಅರ್ಜಿ ನಾನೇ ಬರೆದೆ. ಇಬ್ಬರೂ ಲಿಂಗಸುಗೂರಿಗೆ ಹೋದೆವು.

ಗುಮಾಸ್ತರ ಫಾರಮಿನಲ್ಲಿ ಮೂರೇ ಖಾನೆ: ಡಾಕ್ಟರ್, ವೈದ್ಯ, ಹಕೀಮ.

“ಇದರಾಗ ನಿಮ್ಮದು ಯಾವುದ್ರೀ?”

“ಬಿಸಿಲು ಅಂತ ಬರಕೋರಿ.”

ಗುಮಾಸ್ತರು ಒಳ್ಳೆಯವರು; ನಕ್ಕರು. “ವೈದ್ಯ ಅಂತ ಬರೀತೀನಿ. ಬೇರು-ನಾರು ಕೊಡ್ತೀನಿ ಅನ್ರಿ, ಮುಗೀತು.”

“ಬೇರು ನಾ ಅರಿಯೆ. ಸುಳ್ಳು ಹೇಳಿ ಡಾಕ್ಟರ್ ಆಗೂದಾದ್ರ ದಿನಾ ಶೀಸೆ ಯಾಕ ತೊಳೀಲಿ?”

ಗುಮಾಸ್ತರು ಫಾರಮು ಮಡಚಿಟ್ಟರು. “ಹಂಗಾರ ಕೇಳ್ರಿ. ನಿಮ್ಮ ವಿದ್ಯಾಕ್ಕ ಸರ್ಕಾರದ ಮನಾಯಿನೂ ಇಲ್ಲ, ಮಂಜೂರೀನೂ ಇಲ್ಲ; ಬ್ಯಾಡ ಅಂತನೂ ಅನ್ನಂಗಿಲ್ಲ, ಹೂಂ ಅಂತನೂ ಅನ್ನಂಗಿಲ್ಲ. ನೀರು ಕೊಡ್ರಿ, ಡಾಕ್ಟರ್ ಅನ್ನಬ್ಯಾಡ್ರಿ. ಅಂದ್ರ ಕೇಸ್ ಆಕೈತಿ.”

ಮರುದಿನ ಹೊಸ ಹಲಗೆ ಏರಿತು: ‘ಸರ್ಕಾರದ ಮನಾಯಿ ಇಲ್ಲ’.

“ಮಂಜೂರಿ ಇಲ್ಲ ಅನ್ನೂದು ಬಿಟ್ಟೀರಲ್ರೀ?”

“ಹಲಗಿ ಸಣ್ಣದೈತಿ, ಮಾಸ್ತರ.”

ಐದನೆಯ ದಿನ ಅದನ್ನೂ ತಾವೇ ಇಳಿಸಿದರು. “ಅರ್ಧಾ ಮಾತೂ ಸುಳ್ಳೇ” ಎಂದರು, ಯಾರೂ ಕೇಳದಿದ್ದರೂ. ಗೋಡೆ ಬೋಳಾಯಿತು. ದಿನಕ್ಕೆ ಒಂಬತ್ತು ಹತ್ತು ಮಂದಿ ಬರುತ್ತಿದ್ದ ರೋಗಿಗಳು ಮೂರಕ್ಕಿಳಿದರು; ಎರಡು ದಿನ ಸೊನ್ನೆ ಬರೆದೆ. ಆಗಲೂ ಅವರು ಶೀಸೆಗಳನ್ನೆಲ್ಲ ತುಂಬಿಯೇ ಇಡುತ್ತಿದ್ದರು.

ಐವತ್ತನಾಲ್ಕರಲ್ಲಿ ನನಗೆ ಸಿಂಧನೂರಿಗೆ ವರ್ಗವಾಯಿತು. ಹೇಳಿ ಹೋಗಲು ಅವರ ಕಟ್ಟೆಗೆ ಬಂದು ಕೂತಿದ್ದೆ. ಸಾಲಗುಂದದ ಕಡೆಯ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತಳು.

“ಡಾಕ್ಟರ್ ಅದಾರೇನ್ರೀ?”

ಅಮರಪ್ಪನವರು ಎದ್ದು ನಿಂತರು. “ಇಲ್ಲವ್ವಾ. ಇಲ್ಲಿ ಡಾಕ್ಟರ್ ಯಾರೂ ಇಲ್ಲ.”

ಆಕೆ ಹೊರಳಿದಳು. ಎರಡು ಹೆಜ್ಜೆ ಹೋಗಿ ಮತ್ತೆ ನಿಂತಳು. “ಬಣ್ಣದ ನೀರು ಕೊಡ್ತಾರಲ್ಲ, ಅವರು?”

“ಅವರು ಅದಾರ. ಬಾ, ಕೂಡು.”

ಆಮೇಲೆ ನನ್ನ ಕಡೆ ಬಾಗಿ ಮೆಲ್ಲನೆ ಕೇಳಿದರು: “ಇಷ್ಟಕ್ಕ ಕೇಸ್ ಆಗಂಗಿಲ್ಲಲ್ಲ, ಮಾಸ್ತರ?”

ನಾನು ಅವರಿಂದ ಕೇಳಿದ ಕೊನೆಯ ಮಾತು ಅದೇ.